ಸೋಪಜ್ಜ ನಿಂತ ಹೊಣೆ

ಫೆಬ್ರವರಿ ೧೪

ತಮ್ಮಾ,

ಮೊನ್ನೆ ಬುಧವಾರ, ಫೆಬ್ರವರಿ ಹನ್ನೆರಡರಂದು, ನಗರಸಭೆಯ ಹಾಲಿನಲ್ಲಿ ಎಲ್ಲರೆದುರು ಎದ್ದು ನಿಂತು ನೀನು ಇಸ್ತ್ರಿಯಮ್ಮನಿಗೆ ಕೊಟ್ಟಿದ್ದ ಹೊಣೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅದು ಮೊದಲ ತಪ್ಪು. ಯಾಕೆ ಎಂದು ಸದಸ್ಯರೊಬ್ಬರು ಕೇಳಿದಾಗ ನೀನು ಹೇಳಿದ ಮಾತು ಎರಡನೆಯದು. “ನಾನು ಈ ಊರಿಗೆ ಬಂದಾಗ ನನಗೆ ಯಾರೂ ಹೊಣೆ ನಿಲ್ಲಲಿಲ್ಲ. ನನ್ನ ಕಾಲ ಮೇಲೆ ನಾನೇ ನಿಂತೆ. ಬೇರೆಯವರೂ ನಿಲ್ಲಲಿ ಬಿಡಿ.” ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಾನಿದ್ದೆ. ನೀನು ನನ್ನನ್ನು ನೋಡಲಿಲ್ಲ, ಅಥವಾ ನೋಡಿ ಕನ್ನಡಕ ಒರೆಸಿಕೊಳ್ಳಲು ಶುರುಮಾಡಿದೆ.

ನನಗೆ ವಯಸ್ಸಾಗಿದೆ, ಮರೆವು ಬಂದಿಲ್ಲ. ವಾಚನಾಲಯಕ್ಕೆ ನಗರಸಭೆ ಬೀಗ ಜಡಿಯುವವರೆಗೂ ಊರಿನ ಪತ್ರಿಕೆಗಳನ್ನು ಹೊಲಿದು, ರಟ್ಟು ಕಟ್ಟಿ, ಕಪಾಟಿಗೇರಿಸಿದವಳು ನಾನು. ಯಾವ ಮಂತ್ರಿ ಯಾವ ವರ್ಷ ಯಾವ ಮಾತು ಕೊಟ್ಟು ಯಾವ ವರ್ಷ ನುಂಗಿಕೊಂಡ ಎಂದು ಕೇಳಿದರೆ ಇವತ್ತಿಗೂ ಹೇಳುತ್ತೇನೆ. ನಿನ್ನದನ್ನು ಮರೆಯುತ್ತೇನೆಯೇ?

ಹಗ್ಗ ಬಿಗಿದ ಸೂಟ್‌ಕೇಸು ಹಿಡಿದು ನೀನು ವಾಚನಾಲಯಕ್ಕೆ ಬಂದದ್ದು ಓದುವುದಕ್ಕಲ್ಲ. ನಮ್ಮ ಭಾಷೆಯ ಒಂದಕ್ಷರ ನಿನಗೆ ಬರುತ್ತಿರಲಿಲ್ಲ. ಕಿಟಕಿಯ ಪಕ್ಕ ನಿಂತು ಅಂಗಿಯ ತೋಳು ಒಣಗಿಸಿಕೊಳ್ಳುವುದಕ್ಕೆ ಬರುತ್ತಿದ್ದೆ. ಹಿಂದಿನ ಗಲ್ಲಿಯಲ್ಲಿ ಸೋಪಜ್ಜನ ಬಟ್ಟೆ ಒಗೆಯುವ ಅಂಗಡಿ. ಅಲ್ಲಿ ಮೊಣಕೈವರೆಗೆ ನೆನೆದು, ಇಲ್ಲಿ ಬಂದು ನನ್ನ ಪತ್ರಿಕೆಗಳ ಮೇಲೆ ತೊಟ್ಟಿಕ್ಕುತ್ತಿದ್ದೆ. “ಒದ್ದೆತೋಳು ಬಂದ, ಪೇಪರ್ ಎತ್ತಿಡಿ” ಎಂದು ಓದುಗರು ನಗುತ್ತಿದ್ದರು. ಅದೇ ಹೆಸರಾಯಿತು. ಅಕ್ಷರ ಕಲಿಸಿದವಳು ನಾನು, ಜಾಹೀರಾತುಗಳಿಂದ. ನೀನು ಓದಿದ ಮೊದಲ ಪದ ‘ಮಾರಾಟಕ್ಕಿದೆ’. ಎರಡನೆಯದು ‘ಬಾಡಿಗೆಗೆ’. ಕಥೆ ಪುಸ್ತಕ ಕೊಟ್ಟರೆ, “ಇದರಲ್ಲಿ ಏನೂ ಮಾರಾಟಕ್ಕಿಲ್ವಲ್ಲಕ್ಕ” ಎಂದಿದ್ದೆ. ಆಗ ನಾನು ನಕ್ಕಿದ್ದೆ.

ಹೊರಗಿನಿಂದ ಬಂದವರು ಈ ಊರಿನಲ್ಲಿ ಅಂಗಡಿ ಇಡಬೇಕಾದರೆ, ನಲ್ಲಿ ನೀರು ಪಡೆಯಬೇಕಾದರೆ, ಇಬ್ಬರು ಹಾಲಿನಲ್ಲಿ ನಿಂತು ಬಾಯಿಬಿಟ್ಟು ಹೊಣೆ ಹೇಳಬೇಕು. ಒಬ್ಬರು ಊರಿನ ಮನೆಯವರು, ಇನ್ನೊಬ್ಬರು ಅದೇ ಕಸುಬಿನವರು. ಬರವಣಿಗೆ ಇಲ್ಲ, ರುಜು ಇಲ್ಲ. ನಿಂತವರ ಮುಖ, ಆಡಿದ ಮಾತು, ಅಷ್ಟೇ. ನಿನಗೆ ಮನೆಯವಳಾಗಿ ನಿಂತವಳು ನಾನು. ಕಸುಬಿನವನಾಗಿ ನಿಂತವನು ಸೋಪಜ್ಜ. ಗುಮಾಸ್ತ ಅವನನ್ನು ಕೆಣಕಿದ್ದು ನೆನಪಿದೆಯೇ?

“ಅಜ್ಜಾ, ಇವನು ನಿನ್ನ ಗಲ್ಲಿಯಲ್ಲೇ ಅಂಗಡಿ ಇಡ್ತಾನಂತೆ. ನಿನ್ನ ಗಿರಾಕಿನೇ ಎಳ್ಕೊಂಡು ಹೋಗ್ತಾನೆ. ಗೊತ್ತಿದ್ದೇ ನಿಂತಿದ್ದೀಯಾ?”

“ಗೊತ್ತಪ್ಪಾ. ಊರಲ್ಲಿ ಕೊಳೆಗೇನು ಬರವಾ? ಇಬ್ಬರಿಗೂ ಸಾಲುತ್ತೆ. ಈ ಹುಡುಗನ ಕೈ ನನಗೆ ಗೊತ್ತು.”

ಸಭೆಗೆ ಸಭೆಯೇ ನಕ್ಕಿತು. ನೀನು ಮಾತ್ರ ಅತ್ತೆ.

ಅದಾದ ಮೇಲಿನದ್ದು ಊರಿಗೆಲ್ಲ ಗೊತ್ತು. ತಳ್ಳುಗಾಡಿ, ಮೊದಲ ಬಾಯ್ಲರು, ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆ, ರೈಲಿನ ಹೊದಿಕೆಗಳು, ಆಮೇಲೆ ಸ್ವಂತ ಸೋಪಿನ ಕಾರ್ಖಾನೆ. ಈಗ ಈ ಊರಿನಲ್ಲಿ ಹುಟ್ಟುವವರನ್ನು ಸುತ್ತುವ ಬಟ್ಟೆಯೂ ಸಾಯುವವರಿಗೆ ಹೊದಿಸುವ ಬಟ್ಟೆಯೂ ನಿನ್ನ ಯಂತ್ರದಿಂದಲೇ ಬರುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. “ನಮ್ಮ ಒದ್ದೆತೋಳು” ಎಂದು ಹೇಳಿಕೊಂಡು ಓಡಾಡಿದವಳು ನಾನು. ನಿನ್ನ ಬಳಿ ದುಡಿದು ಬಿಟ್ಟು ಹೋದವರಿಗೆಲ್ಲ ನೀನು ಹೊಣೆ ನಿಲ್ಲುತ್ತಿದ್ದಾಗ ಇನ್ನೂ ಹೆಮ್ಮೆಪಟ್ಟವಳು. ಇಸ್ತ್ರಿಯಮ್ಮನಿಗೂ ಮೂರು ವರ್ಷದ ಹಿಂದೆ ನೀನು ಹಾಗೆಯೇ ನಿಂತೆ.

ಈಗ ಅವಳು ನರ್ಸುಗಳ ಹಾಸ್ಟೆಲ್ಲಿನ ಬಟ್ಟೆ ಹಿಡಿದಳು. ಅಷ್ಟಕ್ಕೆ ಹೊಣೆ ಹೋಯಿತು. ಜೂನ್ ಹನ್ನೊಂದರ ಸಭೆಯೊಳಗೆ ಕಸುಬಿನವರೊಬ್ಬರು ಅವಳ ಪರ ನಿಲ್ಲದಿದ್ದರೆ ನಲ್ಲಿ ಮುಚ್ಚುತ್ತಾರೆ, ಊರು ಬಿಡಿಸುತ್ತಾರೆ. ಊರೆಲ್ಲ ಹುಡುಕಿದೆ. ಬಟ್ಟೆ ಒಗೆಯುವ ಅಂಗಡಿ ಎಂದು ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ನಿನ್ನದೇ ಸಮವಸ್ತ್ರ ಹೊರಗೆ ಬರುತ್ತದೆ. ಕಸುಬು ಎಂದರೆ ಈಗ ನೀನೊಬ್ಬನೇ.

ಮಾತು ಜಾರಿತು ಎಂದಾದರೆ ಜೂನಿನಲ್ಲಿ ಎದ್ದು ಸರಿಪಡಿಸು. ಜಾರಿದ್ದಲ್ಲ ಎಂದಾದರೆ ಅದನ್ನಾದರೂ ನನಗೆ ಬರೆ.

ನಿನ್ನ
ವಾಚನಾಲಯದ ಅಕ್ಕ


ಮಾರ್ಚ್ ೩

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ನಮ್ಮ ಸಂಸ್ಥೆಯ ಬಗ್ಗೆ ತಾವು ತೋರಿದ ಆಸಕ್ತಿಗೆ ಯಜಮಾನರ ಪರವಾಗಿ ಧನ್ಯವಾದಗಳು. ಹೊಣೆಗೆ ಸಂಬಂಧಿಸಿದ ವಿಷಯಗಳು ನಗರಸಭೆಯ ಪರಿಶೀಲನೆಯಲ್ಲಿರುವುದರಿಂದ ಈ ಹಂತದಲ್ಲಿ ಪ್ರತಿಕ್ರಿಯಿಸುವುದು ಸೂಕ್ತವಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ.

ತಮ್ಮಂತಹ ಹಿರಿಯ ಗ್ರಾಹಕರೇ ನಮ್ಮ ಆಸ್ತಿ. ಮೂರು ಕಂಬಳಿಗಳನ್ನು ಉಚಿತವಾಗಿ ಒಗೆಸಿಕೊಳ್ಳುವ ಕೂಪನ್ ಲಗತ್ತಿಸಿದೆ. ರೇಷ್ಮೆ ಮತ್ತು ತುಪ್ಪಳಕ್ಕೆ ಅನ್ವಯಿಸುವುದಿಲ್ಲ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಾರ್ವಜನಿಕ ಸಂಪರ್ಕ ವಿಭಾಗ


ಮಾರ್ಚ್ ೧೦

ಯಜಮಾನರೇ,

ನಿಮ್ಮ ಕಾರ್ಯದರ್ಶಿಯ ಕೂಪನ್ ವಾಪಸು ಕಳಿಸುತ್ತಿದ್ದೇನೆ. ನನ್ನ ಬಳಿ ಇರುವುದು ಒಂದೇ ಕಂಬಳಿ, ಅದನ್ನು ಇಸ್ತ್ರಿಯಮ್ಮ ಒಗೆದು ಕೊಟ್ಟಿದ್ದಾಳೆ.

ನಿಮ್ಮ ಕೈಯ ಉತ್ತರ ಬಾರದ ಮೇಲೆ ನಾನೇ ನಿಮ್ಮ ಗಾಜಿನ ಕಟ್ಟಡಕ್ಕೆ ಬಂದಿದ್ದೆ. ಮೇಲೆ ಬಿಡಲಿಲ್ಲ. ಕೆಳಗಿನ ಅಂಗಳದಲ್ಲಿ ಕೂರಿಸಿದರು. ಅಲ್ಲಿ, ನಾಲ್ಕು ದೀಪಗಳ ಕೆಳಗೆ, ಹಗ್ಗದ ಬೇಲಿಯೊಳಗೆ, ತಾಮ್ರದ ತೊಟ್ಟಿ. ಎದ್ದು ಹೋಗಿ ಅಂಚು ಮುಟ್ಟಿದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಓಡಿ ಬಂದಳು.

“ಅಜ್ಜೀ, ಮುಟ್ಟಬಾರದು!”

“ಯಾಕೆ ತಾಯಿ, ಕಚ್ಚುತ್ತಾ?”

“ಇಲ್ಲಜ್ಜಿ. ಇದು ನಮ್ಮ ಯಜಮಾನರ ತಾತನ ತೊಟ್ಟಿ. ಅವರ ಊರಿಂದ ತಲೆ ಮೇಲೆ ಹೊತ್ಕೊಂಡು ಬಂದಿದ್ದು.”

“ತಲೆ ಮೇಲೆ? ಈ ತೊಟ್ಟೀನಾ? ಇದರೊಳಗೆ ನೀನೂ ನಾನೂ ಕಾಲು ಚಾಚ್ಕೊಂಡು ಕೂತ್ಕೋಬಹುದಲ್ಲೇ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ನಂಗೂ ಮೊದಲ ದಿನ ಹಾಗೇ ಅನ್ನಿಸ್ತು. ಆದ್ರೆ ಹಾಗೇ ಹೇಳ್ಬೇಕು ಅಂತ ಹೇಳ್ಕೊಟ್ಟಿದ್ದಾರೆ.”

ಒಳ್ಳೆಯ ಹುಡುಗಿ. ಅವಳ ಮೇಲೆ ಕೋಪ ತೀರಿಸಿಕೊಳ್ಳಬೇಡಿ.

ಆ ತೊಟ್ಟಿಯ ಅಂಚಿನ ತೇಪೆ ಹಾಕಿದವನು ನಮ್ಮ ಬೀದಿಯ ಮೂಲೆಯ ಪಾತ್ರೆ ರಿಪೇರಿಯವನು. ಸೋಪಜ್ಜ ಅದನ್ನು ಗಾಡಿಯಿಂದ ಇಳಿಸುವಾಗ ಮೆಟ್ಟಿಲಿಗೆ ತಗುಲಿಸಿದ್ದ. ಅವತ್ತು ಇನ್ನೊಂದು ತುದಿ ಹಿಡಿದವರು ನೀವು. “ಎತ್ತು ಅಂದ್ರೆ ಇಳಿಸ್ತಾನೆ, ಇಳಿಸು ಅಂದ್ರೆ ಎತ್ತುತ್ತಾನೆ, ಇವನಿಗೆ ಭಾಷೆ ಕಲಿಸಮ್ಮಾ” ಎಂದು ಅಜ್ಜ ನನ್ನ ಕಿಟಕಿಯತ್ತ ಕೂಗಿದ್ದ. ನಿಮ್ಮ ತಾತ ಯಾರೋ ನಾನರಿಯೆ. ಒಳ್ಳೆಯವರೇ ಇದ್ದಿರಬೇಕು. ಆದರೆ ಆ ತೊಟ್ಟಿ ಅವರನ್ನು ಕಂಡಿಲ್ಲ.

ಒಬ್ಬ ಮನುಷ್ಯ ಕಷ್ಟದಿಂದ ಮೇಲೆ ಬಂದ ಕಥೆಯನ್ನು ಹೇಳಿಕೊಳ್ಳುವಾಗ ಸ್ವಲ್ಪ ಬಣ್ಣ ಹಚ್ಚುತ್ತಾನೆ. ನಾನು ಓದಿದ ಆತ್ಮಕಥೆಗಳಲ್ಲಿ ಮುಕ್ಕಾಲು ಹಾಗೆಯೇ ಇವೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಇದು ಬಣ್ಣವಲ್ಲ. ಒಬ್ಬನನ್ನು ಅವನ ತೊಟ್ಟಿಯಿಂದಲೇ ಹೊರಗೆ ಹಾಕಿದ್ದು.

ಜೂನ್ ಸಭೆಗೆ ಇನ್ನೂ ಸಮಯವಿದೆ.

ಇಂತಿ,
ಈ ಊರಿನ ಒಬ್ಬ ಮನೆಯವಳು


ಏಪ್ರಿಲ್ ೨

ಅಕ್ಕಾವ್ರಿಗೆ ನಮಸ್ಕಾರ,

ಮಗಳು ಶಾಲೆಗೆ ಹೋಗಿದ್ದಾಳೆ, ಇಲ್ಲದಿದ್ದರೆ ಅವಳ ಕೈಯಲ್ಲಿ ಬರೆಸುತ್ತಿದ್ದೆ. ಮಾತಾಡಿದ ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿನ್ನೆ ಯಜಮಾನರ ಕಡೆಯಿಂದ ಟೈ ಕಟ್ಟಿದ ಮ್ಯಾನೇಜರು ಬಂದಿದ್ದರು. ಅಂಗಡಿಯಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲ. ಒಂದು ಕಡೆ ನರ್ಸುಗಳ ಬಿಳಿ ಬಟ್ಟೆ ನೇತಾಡುತ್ತಿದೆ, ಇನ್ನೊಂದು ಕಡೆ ಕಾದ ಇಸ್ತ್ರಿ. ಮನುಷ್ಯ ಮಧ್ಯದಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡು ನಿಂತ. “ಬೋರ್ಡ್ ಇಳಿಸಮ್ಮ, ನಮ್ಮ ಬೋರ್ಡ್ ಹಾಕ್ಕೋ. ನೀನೇ ನೋಡ್ಕೊಂಡು ಹೋಗು. ಜೂನ್‌ನಲ್ಲಿ ಯಜಮಾನರು ಹೊಣೆ ವಾಪಸು ಕೊಡ್ತಾರೆ” ಅಂದ.

“ಬೋರ್ಡ್ ನನ್ನ ಗಂಡ ಬದುಕಿದ್ದಾಗ ಬರೆದದ್ದು ಸಾರ್” ಅಂದೆ.

“ಅದರಲ್ಲಿ ಎರಡು ತಪ್ಪಿದೆ.”

“ಮೂರಿದೆ. ಒಂದು ನಿಮಗೆ ಕಂಡಿಲ್ಲ.”

ಆಗ ಒಳಗಿನಿಂದ ನಮ್ಮತ್ತೆ, “ಟೀ ಇಡ್ಲಾ, ಬೇಡ್ವಾ?” ಅಂತ ಕೂಗಿದರು. “ಬೇಡ” ಅಂದೆ. ಅವರಿಗೆ ಕಿವಿ ಮಂದ. ತಂದೇಬಿಟ್ಟರು. ಅವನು ಕುಡಿದೂಬಿಟ್ಟ. ಕುಡಿದ ಮೇಲೆ ದನಿ ಮೆತ್ತಗಾಯಿತು. “ಅಮ್ಮಾ, ನಾನೂ ನಿನ್ನ ಹಾಗೇ ಹೊರಗಿನವನು. ನನ್ನ ಮಾತು ಕೇಳು. ಅವರ ಎದುರು ನಿಂತು ಉಳಿದವರಿಲ್ಲ” ಅಂದ. ಅದು ಹೆದರಿಕೆಯೋ ಮರುಕವೋ ನನಗೆ ಗೊತ್ತಾಗಲಿಲ್ಲ.

ಅಕ್ಕಾ, ನಾನು ಯಜಮಾನರ ವಿರುದ್ಧ ಏನೂ ಮಾಡಿಲ್ಲ. ಹಾಸ್ಟೆಲ್ಲಿನ ಮೇಟ್ರನ್ ತಾವಾಗಿಯೇ ಬಂದರು. ಯಜಮಾನರ ಕಡೆ ಯಂತ್ರಕ್ಕೆ ಹಾಕಿದರೆ ಗುಂಡಿಗಳು ಒಡೆದು ಬರುತ್ತಿದ್ದವಂತೆ. ನಾನು ಒಡೆದ ಗುಂಡಿ ಹೊಲಿದು ಕೊಡುತ್ತೇನೆ. ಅದೇ ತಪ್ಪಾಯಿತೇ? ಹೊಲಿಯುವುದನ್ನು ಕಲಿತದ್ದೂ ಯಜಮಾನರ ಬಳಿಯೇ. ಮೊದಲೆಲ್ಲ ಅವರೇ ಬಂದು, “ಗುಂಡಿ ಇಲ್ಲದ ಅಂಗಿ ಕೊಟ್ಟರೆ ಒಗೆದಂಗಲ್ಲ” ಎಂದು ಹೇಳುತ್ತಿದ್ದರು.

ನಿಮ್ಮ ಕಾಗದಗಳಿಂದ ಮೇಲಿನವರಿಗೆ ಸಿಟ್ಟು ಬಂದಿದೆ ಅಂತ ಮ್ಯಾನೇಜರು ಹೇಳಿದರು. ಮಗಳ ಪರೀಕ್ಷೆ ಮುಗಿಯುವವರೆಗಾದರೂ ಬರೆಯಬೇಡಿ ಅಂತ ಕೇಳೋಣ ಎಂದು ಪೆನ್ನು ಹಿಡಿದೆ. ಈಗ ಬರೆಯುತ್ತಾ ಬರೆಯುತ್ತಾ ಅದನ್ನು ಕೇಳಲು ಮನಸ್ಸಾಗುತ್ತಿಲ್ಲ. ನಲ್ಲಿ ಮುಚ್ಚಿದರೆ ಹೋಗುವುದಾದರೂ ಎಲ್ಲಿಗೆ? ಬಂದ ಊರಿನಲ್ಲಿ ನಮಗೆ ಯಾರೂ ಉಳಿದಿಲ್ಲ.

ನಿಮ್ಮ
ಇಸ್ತ್ರಿಯವಳು


ಏಪ್ರಿಲ್ ೧೧

ಯಜಮಾನರೇ,

ನಿಮ್ಮ ಮ್ಯಾನೇಜರು ಒಬ್ಬ ವಿಧವೆಯ ಅಂಗಡಿಗೆ ಹೋಗಿ ಟೀ ಕುಡಿದು ಬೋರ್ಡು ಇಳಿಸಲು ಹೇಳಿ ಬಂದಿದ್ದಾರೆ. ಹೊಣೆ ಎಂದರೆ ಈಗ ಕೊಳ್ಳುವ ಸಾಮಾನು ಎಂದಾಯಿತು.

ಕಾರ್ಯದರ್ಶಿಗೆ ಕೊಡಬೇಡಿ. ನೀವೇ ಬರೆಯಿರಿ. ಅಕ್ಷರ ಮರೆತಿದ್ದರೆ ಬನ್ನಿ, ಮತ್ತೆ ಕಲಿಸುತ್ತೇನೆ.

ಅದೇ ಮನೆಯವಳು


ಏಪ್ರಿಲ್ ೨೧

ಅಕ್ಕಾ,

ನಿನ್ನ ಕಾಗದಗಳು ನನ್ನ ಮೇಜಿನ ಮೇಲಿವೆ. ಕೂಪನ್ ಕಳಿಸಿದವನ ಕಿವಿ ಹಿಂಡಿದ್ದೇನೆ. ‘ಯಜಮಾನರೇ’ ಎಂದು ನೀನು ಬರೆದದ್ದು ಮಾತ್ರ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಬೈಯುವುದಾದರೆ ಏಕವಚನದಲ್ಲೇ ಬೈ.

ಇದನ್ನು ನಾನೇ ಬರೆಯುತ್ತಿದ್ದೇನೆ. ಓದಿ ಹರಿದುಬಿಡು.

ನೀನು ಹೇಳಿದ್ದೆಲ್ಲ ನಿಜ. ನೀನು ನಿಂತೆ, ಅಜ್ಜ ನಿಂತ. ನಾನು ಮರೆತಿಲ್ಲ. ಮೊದಮೊದಲು ಭಾಷಣಗಳಲ್ಲಿ ಹೇಳುತ್ತಿದ್ದೆ. ಜನ ಆಕಳಿಸುತ್ತಿದ್ದರು. ಒಬ್ಬನೇ ಬಂದೆ, ಒಬ್ಬನೇ ಗೆದ್ದೆ ಎಂದು ಒಮ್ಮೆ ಹೇಳಿ ನೋಡಿದೆ. ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಅದೇ ಅಭ್ಯಾಸವಾಯಿತು. ಇಷ್ಟು ಹೇಳಿ ನಿಲ್ಲಿಸಿದರೆ ನೀನು ನಂಬುತ್ತೀಯ, ನನಗೂ ಸುಲಭ. ಆದರೆ ನಿನಗೆ ಅರ್ಧ ಸುಳ್ಳು ಬರೆದರೆ ಗೆರೆ ಎಳೆದು ವಾಪಸು ಕಳಿಸುವವಳು ನೀನು.

ಬಿಳಿ ಹೋಟೆಲಿನ ಬಟ್ಟೆ ಅದಲು ಬದಲಾದದ್ದು ನೆನಪಿದೆಯಲ್ಲ? ನಾನು ಅಂಗಡಿ ತೆರೆದು ಎರಡನೇ ವರ್ಷ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಬಟ್ಟೆ ಯಾರದು ಎಂದು ಕಾಲರಿನೊಳಗೆ ಬಣ್ಣದ ನೂಲಿನ ಹೊಲಿಗೆ ಹಾಕಿ ಗುರುತು ಮಾಡುತ್ತಿದ್ದ. ನಿನ್ನದು ಎರಡು ಹಸಿರು, ಒಂದು ಬಿಳಿ. ಹೋಟೆಲಿನ ಒಂದೊಂದು ಕೋಣೆಗೂ ಕೆಂಪು ನೂಲಿನ ಬೇರೆ ಬೇರೆ ಗುರುತು. ಹೊರೆ ದೊಡ್ಡದಾದ ದಿನ, “ಬಾರೋ, ಒಂದು ಗಳಿಗೆ ಜೊತೆಗೆ ನಿಲ್ಲು” ಎಂದು ನನ್ನನ್ನು ಕರೆಯುತ್ತಿದ್ದ. ನಾನು ನನ್ನ ಅಂಗಡಿ ಬಿಟ್ಟು ಹೋಗುತ್ತಿದ್ದೆ. ಆ ಮಧ್ಯಾಹ್ನ ಊಟ ಮಾಡಿ ಅಜ್ಜ ಒರಗಿಕೊಂಡಿದ್ದ. ನಾನು ತೊಟ್ಟಿಯ ಮುಂದೆ ಕೂತು ಕತ್ತರಿ ತೆಗೆದುಕೊಂಡೆ. ಒಂದು ಗುರುತೂ ಉಳಿಸಲಿಲ್ಲ.

ಮಾರನೇ ದಿನ ಹೋಟೆಲಿನಲ್ಲಿ ಗಿಡ್ಡನಿಗೆ ಉದ್ದನವನ ಷರಾಯಿ, ಹೆಂಗಸರಿಗೆ ಯಾರದೋ ಅಂಗಿ. ಊರೆಲ್ಲ ನಕ್ಕಿತು. ಸೋಪಜ್ಜನ ಕಣ್ಣು ಹೋಯಿತು, ಪಾಪ, ಎಂದಿತು. ಅದೇ ವಾರ ಹೋಟೆಲಿನವರು ನನ್ನ ಬಾಗಿಲಿಗೆ ಬಂದರು. ಉಳಿದವರು ಅವರ ಹಿಂದೆ ಬಂದರು.

ಅಜ್ಜನಿಗೆ ಗೊತ್ತಿತ್ತು ಅಕ್ಕ. ಆ ಸಂಜೆ ನಾನು ಹೊರಡುವಾಗ ತಡೆದು ನಿಲ್ಲಿಸಿದ. ನನ್ನ ಒದ್ದೆ ತೋಳಿಗೆ ಕೆಂಪು ನೂಲಿನ ಚೂರುಗಳು ಅಂಟಿಕೊಂಡಿದ್ದವು. ಒಂದೊಂದನ್ನೇ ಉಗುರಿನಿಂದ ಬಿಡಿಸಿದ. “ನೂಲು ಅಂಟಿದೆ ನೋಡು, ಹೀಗೇ ಬೀದಿಗೆ ಹೋಗ್ತಿದ್ದೆಯಲ್ಲೋ” ಎಂದ. ಅಂಗಡಿ ಮುಚ್ಚಿ ತಂಗಿಯ ಮನೆಗೆ ಹೊರಟಾಗ ತೊಟ್ಟಿಯನ್ನು ನನ್ನ ಬಾಗಿಲಲ್ಲಿ ಇಟ್ಟು ಹೋದ. ಬಾಗಿಲು ತಟ್ಟಲೂ ಇಲ್ಲ. ಅದನ್ನು ಯಾರದು ಎಂದು ಹೇಳಲಿ ನಾನು? ತಾತನದು ಎಂದೆ.

ಹೊಣೆ ನಿಂತವನಿಗೆ ಏನಾಗುತ್ತದೆ ಎಂದು ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಇಷ್ಟು ಜನಕ್ಕೆ ಯಾಕೆ ನಿಂತೆ ಎನ್ನುತ್ತೀಯ. ಅವರ್ಯಾರೂ ನನ್ನ ಗಿರಾಕಿಯನ್ನು ಮುಟ್ಟಿರಲಿಲ್ಲ. ಇಸ್ತ್ರಿಯಮ್ಮ ಹಾಸ್ಟೆಲ್ ಹಿಡಿದಳು ಎಂದು ಕೇಳಿದ ದಿನ ಅವಳಲ್ಲಿ ನನಗೆ ನಾನೇ ಕಂಡೆ. ಅವಳು ಅಂಥವಳಲ್ಲ ಅನ್ನಬೇಡ. ಅಜ್ಜನೂ ನನ್ನ ಬಗ್ಗೆ ಹಾಗೆಯೇ ಅಂದಿದ್ದ, ಹಾಲಿನಲ್ಲಿ ನಿಂತು.

ಈಗ ನನ್ನ ಕೈಲಾದದ್ದು ಹೇಳುತ್ತೇನೆ. ಅವಳು ನನ್ನ ಬೋರ್ಡಿನ ಕೆಳಗೆ ಬರಲಿ, ಅವಳಿಗಾಗಲೀ ಮಗಳಿಗಾಗಲೀ ಯಾವ ಕೊರತೆಯೂ ಆಗದು. ವಾಚನಾಲಯದ ಬೀಗ ತೆಗೆಸುತ್ತೇನೆ. ಹೊಸ ಕಪಾಟು, ಹೊಸ ದೀಪ, ಬಾಗಿಲ ಮೇಲೆ ನಿನ್ನ ಹೆಸರು. ಹಾಲಿನಲ್ಲಿ ಮಾತ್ರ ಏನೂ ಕೇಳಬೇಡ. ಅಲ್ಲಿ ನಾನು ಬಾಯಿ ತೆರೆದರೆ ಕಟ್ಟಿದ್ದೆಲ್ಲ ನಿಲ್ಲುವುದಿಲ್ಲ.

ನಿನ್ನ
ಒದ್ದೆತೋಳು


ಮೇ ೧೬

ಇಸ್ತ್ರಿಯಮ್ಮಾ,

ಬರೆಯುವುದು ತಡವಾಯಿತು. ಬಂದ ಕಾಗದವೊಂದು ನನ್ನನ್ನು ಮಲಗಿಸಿಬಿಟ್ಟಿತ್ತು. ಅದರಲ್ಲೇನಿತ್ತು ಎಂದು ಕೇಳಬೇಡ. ನನ್ನನ್ನು ನಂಬಿ ಬರೆದದ್ದು. ನಂಬಿಕೆಗೆ ಈ ಊರಿನಲ್ಲಿ ಬೆಲೆ ಇಳಿದಿದೆಯೆಂದು ನಾನೂ ಇಳಿಸಲಾರೆ. ಹರಿದು ಒಲೆಗೆ ಹಾಕಿದ್ದೇನೆ.

ನನಗೊಂದು ಆಮಿಷವೂ ಬಂದಿದೆ. ವಾಚನಾಲಯ ತೆರೆಸುತ್ತಾರಂತೆ. ಆ ಕಪಾಟುಗಳ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ. ಒಂದು ಇಡೀ ದಿನ, ಹೂಂ ಅನ್ನಲೇ ಎಂದು ಕುರ್ಚಿಯಲ್ಲಿ ಕೂತಿದ್ದೆ. ಬೇಡವೆಂದು ಉತ್ತರ ಬರೆದಿದ್ದೇನೆ.

ನೀನೂ ಬೇಡ ಅನ್ನು ಎಂದು ನಾನು ಹೇಳಲಾರೆ. ನನ್ನ ತಲೆಯ ಮೇಲೆ ಸೂರಿದೆ, ನಲ್ಲಿಯಲ್ಲಿ ನೀರಿದೆ. ನಿನಗೆ ಮಗಳಿದ್ದಾಳೆ, ಅತ್ತೆ ಇದ್ದಾರೆ. ಬೋರ್ಡು ಇಳಿಸಿದರೆ ನಾನು ನಿನ್ನನ್ನು ತಪ್ಪು ತಿಳಿಯುವುದಿಲ್ಲ. ಇಷ್ಟು ಮಾತ್ರ ಕೇಳುತ್ತೇನೆ. ಏನು ಮಾಡುವುದಿದ್ದರೂ ನಾನು ಮುಂದಿನ ಕಾಗದ ಬರೆಯುವ ಮೊದಲು ತಿಳಿಸು. ಅದನ್ನು ಈ ಸಲ ಪತ್ರಿಕೆಗೆ ಕೊಡುವವಳಿದ್ದೇನೆ.

ಅಕ್ಕ


ಮೇ ೨೬

ಅಕ್ಕಾವ್ರಿಗೆ,

ಇದನ್ನು ಮಗಳು ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಪರೀಕ್ಷೆ ಮುಗಿಯಿತು.

ಮ್ಯಾನೇಜರು ಮೂರು ಸಲ ಬಂದರು. ಮೂರನೇ ಸಲ ಹೊಸ ಬೋರ್ಡನ್ನೇ ಹೊತ್ತು ತಂದಿದ್ದರು. ದೀಪ ಹೊತ್ತುವ ಬೋರ್ಡು, ತುಂಬ ಚೆನ್ನಾಗಿತ್ತು. ಏಣಿ ಹಾಕಿಸಿ ಮೇಲೆ ಹತ್ತಿಸಿದೆ ಕೂಡ. ಅಳತೆ ನೋಡಲಿ ಅಂತ. ಆಗ ನಮ್ಮತ್ತೆ ಹೊರಗೆ ಬಂದು ನೋಡಿ, “ಇದೇನೇ, ನಾವು ಅಂಗಡಿ ಮಾರಿದ್ವಾ?” ಅಂದರು. “ಇಲ್ಲ ಅತ್ತೆ, ಬೋರ್ಡ್ ಬದಲಾಯಿಸ್ತಿದ್ದಾರೆ” ಅಂತ ಕಿವಿಯಲ್ಲಿ ಕೂಗಿದೆ. “ಹಾಗಾದ್ರೆ ನಾಳೆಯಿಂದ ನಾವು ಯಾರು?” ಅಂದರು.

ಏಣಿ ಇಳಿಸಿಬಿಟ್ಟೆ. ಮ್ಯಾನೇಜರು ಸಿಟ್ಟಾಗಲಿಲ್ಲ. ಬೋರ್ಡನ್ನು ಬಗಲಲ್ಲಿ ಹಿಡಿದು ಹೋಗುವಾಗ, “ನಾನಾಗಿದ್ರೆ ನಿಲ್ತಿರಲಿಲ್ಲಮ್ಮ” ಅಂದರು.

ಹನ್ನೊಂದಕ್ಕೆ ನಾನು ಹಾಲಿಗೆ ಬರುತ್ತೇನೆ. ಯಾರೂ ನಿಲ್ಲದಿದ್ದರೂ ಬರುತ್ತೇನೆ. ಗಂಟುಮೂಟೆ ಅರ್ಧ ಕಟ್ಟಿದ್ದೇವೆ, ಅರ್ಧ ಬಿಟ್ಟಿದ್ದೇವೆ. ನಿಮಗೆ ಏನು ಬರೆಯಬೇಕು ಅನ್ನಿಸುತ್ತದೋ ಬರೆಯಿರಿ.

ಇಸ್ತ್ರಿಯವಳು


ಜೂನ್ ೨
(ಪತ್ರಿಕೆಯ ಮೂಲಕ)

ಯಜಮಾನರೇ,

ಫೆಬ್ರವರಿಯಿಂದ ನಿಮಗೆ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೆ. ಇನ್ನು ಮುಂದೆ ಬರೆಯುವುದು ಎಲ್ಲರೂ ಓದುವಲ್ಲಿ. ನೀವು ಮಾತಾಡಿದ್ದು ಎಲ್ಲರೂ ಕೇಳುವಲ್ಲಿ, ಆದ್ದರಿಂದ ಇದೇ ಸರಿ.

ನೀವು ಹೊರಗಿನವರೆಂದು ಈ ಊರಿನಲ್ಲಿ ಇವತ್ತಿಗೂ ಬೆನ್ನ ಹಿಂದೆ ಆಡುವವರಿದ್ದಾರೆ. ಅವರಿಗೆ ಈ ಕಾಗದ ಹಬ್ಬವಾಗಬಾರದು. ನೀವು ಹೊರಗಿನಿಂದ ಬಂದದ್ದು ತಪ್ಪಲ್ಲ, ದೊಡ್ಡವರಾದದ್ದು ತಪ್ಪಲ್ಲ. ನಿಮ್ಮ ದುಡಿಮೆಗೆ ನಾನು ಕಣ್ಣಾರೆ ಸಾಕ್ಷಿ. ಚಳಿಯಲ್ಲಿ ನಿಮ್ಮ ಬೆರಳುಗಳ ಚರ್ಮ ಸುಲಿದದ್ದನ್ನು ಕಂಡಿದ್ದೇನೆ. ನನ್ನ ದೂರು ಬೇರೆ. ನೀವು ಒಳಗೆ ಬಂದ ಬಾಗಿಲು ಇರಲೇ ಇಲ್ಲವೆಂದು ಹೇಳಿದಿರಿ. ಆ ಮಾತನ್ನು ನಂಬಿದ ಸಭೆ ನಾಳೆ ಬರುವ ಪ್ರತಿಯೊಬ್ಬರಿಗೂ ಅದನ್ನೇ ತಿರುಗಿಸಿ ಹೇಳುತ್ತದೆ. ಯಜಮಾನರು ಒಬ್ಬರೇ ನಿಂತರಲ್ಲ, ನೀವೂ ನಿಲ್ಲಿ ಎನ್ನುತ್ತದೆ. ಮೊದಲು ಹೇಳಿಸಿಕೊಳ್ಳುವವಳು ಇಸ್ತ್ರಿಯಮ್ಮ. ಅವಳು ಈ ಊರಿನ ಕೆಲಸ ಕೆಡಿಸಿಲ್ಲ, ಯಾರ ಬಟ್ಟೆಯನ್ನೂ ಕಳೆದಿಲ್ಲ. ಗುಂಡಿ ಹೊಲಿದು ಕೊಟ್ಟಳು.

ಅವಳು ನಿಮಗೆ ದ್ರೋಹ ಮಾಡಬಹುದೆಂಬ ಭಯಕ್ಕೆ ನೀವು ಈಗಲೇ ಅವಳಿಗೆ ಶಿಕ್ಷೆ ಕೊಟ್ಟಿದ್ದೀರಿ. ಭಯ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಉತ್ತರ ನನ್ನ ಬಳಿ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೇಳುವ ಹಕ್ಕು ನನಗಿಲ್ಲ ಎನ್ನುವುದೇ ನಿಜ. ಅದನ್ನು ಹೇಳಬೇಕಾದವರು ನೀವು. ಬರೆದು ಅಲ್ಲ. ಯಾರ ಕಿವಿಯಲ್ಲೂ ಅಲ್ಲ.

ಅದು ಎಷ್ಟು ಕಷ್ಟವೆಂದು ಬಲ್ಲೆ. ಕಟ್ಟಿದ್ದು ನಿಲ್ಲುವುದಿಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ನಿಲ್ಲದಿದ್ದರೆ ನಿಲ್ಲದಿರಲಿ. ಸತ್ತವನೊಬ್ಬನ ಮೇಲೆ ಊರೆಲ್ಲ ಸೇರಿ ಹೊರಿಸಿದ ಮಾತೊಂದಿದೆ. ಅವನು ಅದನ್ನು ಹೊತ್ತುಕೊಂಡೇ ತಂಗಿಯ ಮನೆಗೆ ಹೋದ, ಹೊತ್ತುಕೊಂಡೇ ಸತ್ತ. ನಾನೂ ಅದನ್ನು ನಂಬಿದ್ದೆ. ಇಷ್ಟು ವರ್ಷ ನೀವು ನಮ್ಮೆಲ್ಲರನ್ನೂ ನಂಬಲು ಬಿಟ್ಟಿರಿ.

ಮುಂದಿನ ವಾರ ಬುಧವಾರ, ಜೂನ್ ಹನ್ನೊಂದರಂದು, ಸಭೆ ಸೇರುತ್ತದೆ. ಕಸುಬಿನವರ ಮೊದಲ ಸಾಲಿನಲ್ಲಿ ನಿಮ್ಮ ಕುರ್ಚಿ ಇರುತ್ತದೆ. ಇಸ್ತ್ರಿಯಮ್ಮನ ಸರದಿ ಬರುವ ಮೊದಲು ನಾನು ಎದ್ದು ನಿಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ತಯಾರಾಗಿ ಬರಲೆಂದು ಈಗಲೇ ತಿಳಿಸುತ್ತಿದ್ದೇನೆ. ಕಾರ್ಯದರ್ಶಿ ಉತ್ತರಿಸಬಾರದು, ವಕೀಲರು ಉತ್ತರಿಸಬಾರದು. ಎದ್ದು ನಿಂತು, ಕನ್ನಡಕ ಒರೆಸಿಕೊಳ್ಳದೆ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ, ಈ ಊರಿಗೆ ನೀವೇ ಹೇಳಬೇಕು:

ಸೋಪಜ್ಜನ ಕಣ್ಣು ನಿಜವಾಗಿಯೂ ಹೋಗಿತ್ತೇ?

ಉತ್ತರಕ್ಕೆ ಕಾದಿರುವ,
ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವಳು